ತಾನಾಗಿ ಬರುವ ಪಾಲು

ಜಲನಗರ, ವಿಜಯಪುರ
೨೩ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಮಗಳು ಆಮ್ರಪಾಲಿಗೆ,

ನಿನ್ನ ಅಪ್ಪನ ಜೈ ಭೀಮ್, ಜೊತೆಗೆ ಮನಸ್ಸು ತುಂಬಿದ ಆಶೀರ್ವಾದ. ಹೇಗಿದ್ದೀ ಯವ್ವಾ? ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯಾ? ಬಲಗೈ ಮಣಿಕಟ್ಟು ಬಾತಿದೆ ಎಂದು ಹೋದ ತಿಂಗಳು ನಿಮ್ಮವ್ವನಿಗೆ ಫೋನಿನಲ್ಲಿ ಹೇಳುತ್ತಿದ್ದೆಯಲ್ಲ, ಅದು ಈಗ ಇಳಿಯಿತೇ? ನಾನು ಆಗ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ ನಿಂತಿದ್ದೆ, ಎಲ್ಲ ಕೇಳಿಸಿತು. ಗಾದಿ ಎತ್ತುವಾಗ ಮಣಿಕಟ್ಟಿನ ಮೇಲೆ ಭಾರ ಹಾಕಬೇಡ. ಮೊಣಕಾಲನ್ನು ಗಾದಿಯ ಅಂಚಿಗೆ ಒತ್ತಿ, ಮುಂಗೈ ಪೂರ್ತಿ ಕೆಳಗೆ ತೂರಿಸಿ ಎತ್ತು. ಮೂವತ್ತೊಂದು ವರ್ಷ ಲಾಡ್ಜಿನಲ್ಲಿ ಗಾದಿ ಎತ್ತಿದವನು ಹೇಳುತ್ತಿದ್ದೇನೆ, ಇದೊಂದು ಮಾತನ್ನಾದರೂ ಕೇಳು.

ಇಲ್ಲಿ ನಾವೆಲ್ಲ ಆರಾಮ. ನಿಮ್ಮವ್ವನ ದವಾಖಾನೆಯ ಆಯಾ ಕೆಲಸ ಹಾಗೆಯೇ ನಡೆದಿದೆ. ಡಾಕ್ಟರು ಅವಳಿಗೂ ಬಿ.ಪಿ. ಗುಳಿಗೆ ಬರೆದುಕೊಟ್ಟಿದ್ದಾರೆ. ಬಂದ ಪೇಷಂಟುಗಳಿಗೆಲ್ಲ ಗುಳಿಗೆ ತಪ್ಪಿಸಬೇಡಿ ಎಂದು ಹೇಳಿ ಕಳಿಸುತ್ತಾಳೆ, ತನ್ನದನ್ನು ಮಾತ್ರ ಮರೆಯುತ್ತಾಳೆ. ನಿನ್ನ ತಮ್ಮ ಶಿವಾಜಿ ಗಾಡಿ ಶೋರೂಮಿನಲ್ಲಿ ಕಾಯಂ ಆದ. ದಿನಾಲೂ ಒಂದು ಹೊಸ ಗಾಡಿಯ ಹೆಸರು ಹೇಳಿ ನಮ್ಮ ತಲೆ ತಿನ್ನುತ್ತಾನೆ. ನಿನ್ನ ಮಂಚದ ಮೇಲೆ ನಾವು ಯಾರೂ ಮಲಗುವುದಿಲ್ಲ. ನಿಮ್ಮವ್ವ ಮಾತ್ರ ವಾರಕ್ಕೊಮ್ಮೆ ಅದರ ಚಾದರ ಬದಲಿಸುತ್ತಾಳೆ. ಯಾರೂ ಮಲಗದ ಹಾಸಿಗೆಗೆ ಯಾಕೆ ಇಷ್ಟು ಉಪಚಾರ ಎಂದು ಕೇಳಿದರೆ, ‘ಧೂಳ ಕುಂದರ್ತದ’ ಎನ್ನುತ್ತಾಳೆ. ಒಂದು ದಿನ ಅವಳು ಆ ದಿಂಬನ್ನು ಮೂಗಿಗೆ ಹಿಡಿದು ನಿಂತದ್ದನ್ನು ನೋಡಿದೆ. ನೋಡದವನಂತೆ ಹೊರಗೆ ಹೋದೆ.

ಅಪ್ಪ ಇಷ್ಟು ಉದ್ದ ಬರೆಯುತ್ತಿದ್ದಾನಲ್ಲ ಎಂದು ನಿನಗೆ ಆಶ್ಚರ್ಯವಾಗಿರಬೇಕು. ಜನವರಿಯಲ್ಲಿ ಹೋದವಳು ನೀನು. ಇದು ಹನ್ನೊಂದನೇ ತಿಂಗಳು. ಇಷ್ಟು ದಿನದಲ್ಲಿ ನಾನು ನಿನ್ನ ಜೊತೆ ಆಡಿದ ಮಾತು ‘ಆರಾಮಾ? ತಗೋ, ನಿಮ್ಮವ್ವಗ ಕೊಡ್ತೇನಿ’ ಎಂಬುದಷ್ಟೇ. ಹೋದ ವಾರ ನೀನು ನಿಮ್ಮವ್ವನಿಗೆ, ಜನವರಿಯಲ್ಲಿ ಕರಾರು ಮುಗಿದರೂ ಊರಿಗೆ ಬರುವುದಿಲ್ಲ, ಮುಂಬೈಯಲ್ಲಿ ಗೆಳತಿಯ ರೂಮಿನಲ್ಲಿದ್ದು ಅಲ್ಲಿಂದಲೇ ಇನ್ನೊಂದು ಹಡಗು ಹತ್ತುತ್ತೇನೆ ಎಂದೆಯಂತೆ. ಅವಳು ಅದನ್ನು ನನಗೆ ಹೇಳಿ ರೊಟ್ಟಿ ಬಡಿಯಲು ಕೂತಳು. ಆ ದಿನ ರೊಟ್ಟಿಯೆಲ್ಲ ಹರಿದು ಹೋದವು. ಅದಕ್ಕೇ ಬರೆಯಲು ಕೂತೆ. ಟಿಕೋಟಾದ ನದೀಮ ರಜೆ ಮುಗಿಸಿ ಮತ್ತೆ ನಿಮ್ಮ ಹಡಗಿಗೇ ಹೊರಟಿದ್ದಾನೆ. ಕೊಲಂಬೊದಲ್ಲಿ ಹಡಗು ಸೇರುತ್ತಾನಂತೆ. ಕಾಗದ ಅವನ ಕೈಯಲ್ಲಿ ಬರುತ್ತದೆ.

ಆ ಜಗಳದ ದಿನವನ್ನು ನಾನು ಮರೆತಿಲ್ಲ. ನೀನೂ ಮರೆತಿರಲಾರೆ. ಪ್ರವಾಸಿಗರ ಹಡಗಿನಲ್ಲಿ ರೂಮು ನೋಡಿಕೊಳ್ಳುವ ಕೆಲಸ ಸಿಕ್ಕಿತು ಎಂದು ನೀನು ಪೇಢೆ ಹಿಡಿದುಕೊಂಡು ಬಂದಿದ್ದೆ. ಪಗಾರ ಎಷ್ಟು ಎಂದು ನಾನು ಕೇಳಿದೆ. ಪಗಾರ ಕಡಿಮೆ, ಮಂದಿ ಕೊಡುವುದೇ ಹೆಚ್ಚು ಎಂದೆ ನೀನು. ನನ್ನ ಮೈ ಉರಿಯಿತು. ‘ಮಂದೀ ಮುಂದ ಕೈ ಚಾಚಾಕ ನಿನ್ನ ಓದಿಸಿದ್ನೇನ?’ ಎಂದೆ. ನೀನು ಶಾಂತವಾಗಿಯೇ ತಿಳಿಸಿ ಹೇಳಿದೆ: ‘ಯಪ್ಪಾ, ಅಲ್ಲೆ ಯಾರ ಮುಂದನೂ ಕೈ ಚಾಚೂದಿಲ್ಲ. ಹಡಗಿಗಿ ಬಂದ ಒಬ್ಬೊಬ್ಬರಿಗೆ ದಿನಕ್ಕ ಇಷ್ಟ ಅಂತ ತಾನ ಬಿಲ್ಲಿನಾಗ ಹತ್ತಿರ್ತದ. ಅದು ಎಲ್ಲಾರಿಗೂ ಪಾಲ ಆಗ್ತದ.’ ನಾನು ಕೇಳಲಿಲ್ಲ. ಭಿಕ್ಷೆ ಬಿಲ್ಲಿನಲ್ಲಿ ಬಂದರೂ ಭಿಕ್ಷೆಯೇ ಎಂದೆ. ಆಗ ನಿನಗೂ ಸಿಟ್ಟು ಬಂತು. ‘ಹಂಗಾರ ನೀ ಲಾಡ್ಜಿನ್ಯಾಗ ಮೂವತ್ತ ವರ್ಷ ಏನ ಮಾಡೀ?’ ಎಂದು ಕೇಳಿದೆ. ‘ಇನ್ನ ನನ್ನ ಕೂಡ ಮಾತಾಡಬ್ಯಾಡ’ ಎಂದುಬಿಟ್ಟೆ ನಾನು. ಹಟದಲ್ಲಿ ನೀನು ನನ್ನ ಮಗಳೇ, ಅದನ್ನು ಅಕ್ಷರಕ್ಕೆ ಅಕ್ಷರ ನಡೆಸಿದೆ.

ಆ ಸಿಟ್ಟು ಎಲ್ಲಿಂದ ಬಂತು ಎಂಬುದನ್ನು ನಿನಗೆ ಎಂದೂ ಹೇಳಿಲ್ಲ. ನಿಡೋಣಿಯಲ್ಲಿ ನನಗೆ ಏಳೆಂಟು ವರ್ಷವಿದ್ದಾಗ ನಿಮ್ಮಜ್ಜಿ ಒಂದು ದೊಡ್ಡ ಮನೆಯ ದನದ ಕೊಟ್ಟಿಗೆ ಉಡುಗುತ್ತಿದ್ದಳು. ಕೆಲಸ ಮುಗಿದ ಮೇಲೆ ನಾನು ಅವಳ ಜೊತೆ ಹಿತ್ತಲ ಬಾಗಿಲಲ್ಲಿ ನಿಲ್ಲಬೇಕು. ಮನೆಯವರು ಹೊಸ್ತಿಲ ಒಳಗೆ ನಿಂತು, ಮೈಲಿಗೆಯಾಗದಂತೆ, ಹಿಂದಿನ ದಿನದ ರೊಟ್ಟಿಯನ್ನು ಮೇಲಿಂದ ಬಿಡುತ್ತಿದ್ದರು. ಅವಳು ಸೆರಗು ಚಾಚಿ ಹಿಡಿಯುತ್ತಿದ್ದಳು. ಒಂದು ದಿನ ಸೆರಗಿಗೆ ತಪ್ಪಿ ರೊಟ್ಟಿ ಸೆಗಣಿಯ ಮೇಲೆ ಬಿತ್ತು. ಒಳಗಿನವರು ನಕ್ಕರು. ನಿಮ್ಮಜ್ಜಿಯೂ ನಕ್ಕಳು ಯವ್ವಾ. ಅವಳು ನಕ್ಕದ್ದನ್ನೇ ನನಗೆ ತಡೆಯಲಾಗಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ವಿಜಯಪುರಕ್ಕೆ ಬಂದು, ನಾಲ್ಕಾರು ಕಡೆ ದುಡಿದು, ಕಡೆಗೆ ಈ ಲಾಡ್ಜು ಸೇರಿದಾಗ ಒಂದು ನಿಯಮ ಮಾಡಿಕೊಂಡೆ. ನೀರು ಕೊಟ್ಟ ಮೇಲೆ, ಸಾಮಾನು ಇಳಿಸಿದ ಮೇಲೆ, ಗಿರಾಕಿಯ ಬಾಗಿಲಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಕೈಯಲ್ಲಿ ಕೊಡಲು ಬಂದರೆ ‘ಇರ್ಲಿ ಬಿಡ್ರಿ’ ಎಂದು ಹೊರಡುತ್ತೇನೆ. ಜೊತೆಯವರು ನನ್ನನ್ನು ‘ಸರದಾರ’ ಎಂದು ಚೇಷ್ಟೆ ಮಾಡುತ್ತಿದ್ದರು.

ಈಗ ನಿಜ ಹೇಳುತ್ತೇನೆ. ಕೈಯಲ್ಲಿ ತೆಗೆದುಕೊಳ್ಳಲಿಲ್ಲ, ಅಷ್ಟೇ. ಗುಮ್ಮಟ ನೋಡಲು ಬಂದವರು, ಮದುವೆಗೆ ಬಂದವರು, ಕೋರ್ಟಿನ ಕೆಲಸಕ್ಕೆ ಬಂದವರು ರೂಮು ಬಿಟ್ಟು ಹೋದ ಮೇಲೆ ಗಾದಿ ಝಾಡಿಸಲು ಹೋದಾಗ ದಿಂಬಿನ ಕೆಳಗೆ ಹತ್ತು, ಇಪ್ಪತ್ತು, ಐವತ್ತು ಇರುತ್ತಿತ್ತು. ಅದನ್ನು ತೆಗೆದುಕೊಳ್ಳುತ್ತಿದ್ದೆ. ಕೊಟ್ಟವರ ಮುಖ ಎದುರಿಗಿಲ್ಲವಲ್ಲ, ಹಾಗಾಗಿ ಅದು ನನಗೆ ಭಕ್ಷೀಸು ಅನ್ನಿಸುತ್ತಿರಲಿಲ್ಲ. ನಿನ್ನ ಹೋಟೆಲ್ ಮ್ಯಾನೇಜ್‌ಮೆಂಟ್ ಕೋರ್ಸಿನ ಮೂರು ವರ್ಷದ ಫೀ ಹೆಚ್ಚಾಗಿ ಆ ದಿಂಬುಗಳ ಕೆಳಗಿನಿಂದಲೇ ಬಂದದ್ದು. ನಿನ್ನ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿತ್ತು. ಹೇಳಲು ನಾಚಿಕೆಯಾಯಿತು, ಅದಕ್ಕೇ ಬಾಯಿ ಮಾಡಿದೆ.

ಈ ತಿಂಗಳ ಮೊದಲ ವಾರ ಒಂದು ಸಂಗತಿ ನಡೆಯಿತು. ಶಂಕ್ರೆಪ್ಪ ಎಂಬವರು ಹೆಂಡತಿ ಕಾಶಿಬಾಯಿಯ ಜೊತೆ ನಮ್ಮ ಲಾಡ್ಜಿನಲ್ಲಿ ಮೂರು ದಿನ ಇದ್ದರು. ಮೂಲ ಕನಮಡಿಯವರು, ಪುಣೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು, ಅಣ್ಣನ ಮಗನ ಮದುವೆಗೆ ಬಂದಿದ್ದರು. ಗೀಸರ್ ಕೆಟ್ಟಿತ್ತು. ನಾನು ಬೆಳಿಗ್ಗೆ ಬಿಸಿನೀರಿನ ಬಕೆಟ್ಟು ಹೊತ್ತು ಹೋದೆ. ಆ ಯಜಮಾನರು ಬಲು ಮಾತುಗಾರರು. ಮಗ ಟಿಕೆಟ್ ತೆಗೆಸಿಕೊಟ್ಟಿದ್ದನಂತೆ, ಒಂದು ವಾರ ದೊಡ್ಡ ಹಡಗಿನಲ್ಲಿ ತಿರುಗಾಡಿ ಬಂದಿದ್ದರು. ‘ಬಾ ಇಲ್ಲೆ, ನೋಡು’ ಎಂದು ಫೋನು ತೋರಿಸಿದರು. ಹಾಸಿಗೆಯ ಮೇಲೆ ಟಾವೆಲ್ಲು ಮಡಚಿ ಮಾಡಿದ ಆನೆ ಕೂತಿತ್ತು. ಅವರು ಆನೆ ತೋರಿಸುತ್ತಿದ್ದರು, ನನ್ನ ಕಣ್ಣು ಚಾದರದ ಮೂಲೆಯ ಮೇಲಿತ್ತು. ಒಂದು ಸುಕ್ಕಿಲ್ಲ. ನೀನು ಇಂಥ ಎಷ್ಟು ಆನೆ ಮಾಡಿರಬೇಕು ಎಂದು ನೋಡುತ್ತ ನಿಂತುಬಿಟ್ಟೆ.

ಆಮೇಲೆ ಅವರು, ‘ಆದ್ರ ಹಡಗಿನವರು ಭಾಳ ಶ್ಯಾಣ್ಯಾ ಅದಾರ. ದಿನಾ ಒಬ್ಬೊಬ್ಬರ ಮ್ಯಾಲ ಸೇವಾ ಶುಲ್ಕ ಅಂತ ತಾವ ಹಚ್ಚಿಬಿಡ್ತಾರ. ನಮ್ಮನ್ನ ಒಂದ ಮಾತ ಕೇಳೂದಿಲ್ಲ. ನಾ ಬಿಡ್ತೇನೇನ? ಕಡೀ ದಿನ ಕೌಂಟರಿಗಿ ಹೋಗಿ ಒಂದ ಸಹಿ ಮಾಡ್ದೆ, ಅಷ್ಟೂ ತಗಸಿದೆ’ ಎಂದು ನಕ್ಕರು. ಬಕೆಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. ತೆಗೆಸಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ ಯವ್ವಾ. ತಾನಾಗಿ ಬರುತ್ತದೆ ಎಂದು ನೀನು ಹೇಳಿದ್ದೆ. ಒಂದು ಸಹಿಯಿಂದ ಹೋಗುತ್ತದೆ ಎಂದು ಹೇಳಿರಲಿಲ್ಲ. ‘ಸಾಹೇಬ್ರ, ಆ ರೂಮ ನೋಡಕೊಳ್ಳಾವ್ರು ಯಾರಿದ್ರು?’ ಎಂದು ಕೇಳಿದೆ. ‘ಯಾವದೋ ಒಂದ ಹುಡುಗಿ. ಯಾ ದೇಶದಾಕಿನೋ ಏನೋ’ ಎಂದರು. ಕಿಟಕಿಯ ಹತ್ತಿರ ತಲೆ ಬಾಚಿಕೊಳ್ಳುತ್ತಿದ್ದ ಕಾಶಿಬಾಯಿ ಅಲ್ಲಿಂದಲೇ, ‘ನನಗ ವಾಂತಿ ಆದಾಗ ತಲೀ ಹಿಡಕೊಂಡು ಕುಂತಾಕಿ ಆಕೀನ’ ಎಂದರು.

ನನ್ನ ಬಾಯಿಂದ ಮಾತು ಹೇಗೆ ಬಂತೋ ಗೊತ್ತಿಲ್ಲ. ‘ನನ್ನ ಮಗಳೂ ಅಂಥಾ ಹಡಗಿನ್ಯಾಗ ಅದಾಳ್ರಿ. ಹದಿನೆಂಟ ರೂಮ ಆಕಿ ಒಬ್ಬಾಕೀನ ನೋಡಕೋತಾಳ’ ಎಂದೆ. ಮಗಳು ಎಲ್ಲಿದ್ದಾಳೆ ಎಂದು ಯಾರು ಕೇಳಿದರೂ ಈ ಹನ್ನೊಂದು ತಿಂಗಳು ‘ಮುಂಬೈದಾಗ ಕಂಪನ್ಯಾಗ ಅದಾಳ’ ಎಂದು ಹಾರಿಸುತ್ತಿದ್ದವನು ನಾನು. ಗುರುತು ಪರಿಚಯವಿಲ್ಲದವರ ಮುಂದೆ ಮೊದಲ ಸಲ ನಿಜ ಹೇಳಿದೆ. ಶಂಕ್ರೆಪ್ಪನವರ ಮುಖ ಗಂಟಾಯಿತು. ‘ಅದಕ್ಕ ನಾ ಏನ ಮಾಡ್ಲಿ? ಪಗಾರ ಕೊಡೂದು ಕಂಪನೀ ಕೆಲಸ’ ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನೀರು ಇಟ್ಟು ಕೆಳಗಿಳಿದೆ. ಮ್ಯಾನೇಜರಿಗೆ ಚಾಡಿ ಹೋಗುತ್ತದೆ, ಈ ವಯಸ್ಸಿನಲ್ಲಿ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಆ ದಿನವೆಲ್ಲ ಮೇಲಿನ ಮಹಡಿಯಲ್ಲೇ ಕೆಲಸ ಹುಡುಕಿಕೊಂಡೆ.

ಚಾಡಿ ಹೋಗಲಿಲ್ಲ. ಅವರು ರೂಮು ಬಿಡುವ ದಿನ ನಾನು ಮೂರನೇ ಮಹಡಿಯಲ್ಲಿ ಚಾದರ ಮಡಚುತ್ತಿದ್ದೆ. ಕಾಶಿಬಾಯಿ ಒಬ್ಬರೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಹಡಗಿನ ರೂಮಿನಲ್ಲಿ ಅವರೂ ಆ ಹುಡುಗಿಯೂ ಜೊತೆಗೆ ನಿಂತ ಒಂದು ಫೋಟೋ ಅವರ ಫೋನಿನಲ್ಲಿತ್ತು. ‘ಎದೀ ಮ್ಯಾಲ ಹೆಸರಿನ ಪಟ್ಟಿ ಐತಿ. ನನಗ ಓದಾಕ ಬರವಲ್ದು, ನೀವಾರ ನೋಡ್ರಿ’ ಎಂದರು. ಇಬ್ಬರೂ ಬೆರಳಿನಿಂದ ಅದನ್ನು ದೊಡ್ಡದು ಮಾಡಿ, ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದೆವು. ಮಾರಿಸೆಲ್ ಎಂದಿತ್ತು. ‘ಮಾರಿಸೆಲ್, ಮಾರಿಸೆಲ್’ ಎಂದು ಆಕೆ ಎರಡು ಸಲ ಬಾಯಿಪಾಠ ಮಾಡಿಕೊಂಡರು. ಅಷ್ಟರಲ್ಲಿ ಯಜಮಾನರೂ ಮೇಲೆ ಬಂದರು. ನನ್ನ ಮುಖ ನೋಡಲಿಲ್ಲ. ‘ಟಿಕೆಟ್ ಮಾಡಿದ ಏಜೆಂಟಗ ಫೋನ್ ಹಚ್ಚತೇನಿ. ಈಗ ಕೊಡಾಕ ಬರ್ತದೋ ಇಲ್ಲೋ ಕೇಳ್ತೇನಿ’ ಎಂದು ಗೋಡೆಗೆ ಹೇಳಿದಂತೆ ಹೇಳಿ ಇಳಿದರು. ಆ ಹುಡುಗಿಗೆ ಅದು ಮುಟ್ಟಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಕಾಶಿಬಾಯಿ ಹೋಗುವಾಗ ನನ್ನ ಕೈಗೇ ಒಂದು ನೋಟು ಇಟ್ಟರು. ಮೇಲಿಂದ ಬಿಡಲಿಲ್ಲ, ನನ್ನ ಅಂಗೈ ಹಿಡಿದು ಇಟ್ಟರು. ತೆಗೆದುಕೊಂಡೆ ಯವ್ವಾ. ಕೈ ಸುಟ್ಟೀತು ಎಂದುಕೊಂಡಿದ್ದೆ, ಏನೂ ಆಗಲಿಲ್ಲ.

ಆದರೆ ನನ್ನ ಸಮಾಧಾನ ಹೋಗಿತ್ತು. ಕಣ್ಣು ಮುಚ್ಚಿದರೆ ಕೌಂಟರು, ಅದರ ಮುಂದೆ ಸಹಿ ಮಾಡುವವರ ಸಾಲು. ವಾರದ ರಜೆಯ ದಿನ ಬಸ್ಸು ಹಿಡಿದು ಟಿಕೋಟಾಕ್ಕೆ ಹೋದೆ. ನದೀಮ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದ. ಅವನ ತಾಯಿ ದಾವಲಬಿ ಚಹಾ ಮಾಡಿ, ಹೋದ ಸುಗ್ಗಿಯ ಒಣದ್ರಾಕ್ಷಿ ಮುಂದಿಟ್ಟು, ಆಮ್ರಪಾಲಿಯ ಅಪ್ಪ ಬಂದಿದ್ದಾರೆ ಎಂದು ಮಗನನ್ನು ಕೂಗಿ ಕರೆದಳು. ನಮ್ಮ ಆಮ್ರಪಾಲಿಗೂ ಹೀಗೆ ಆಗುತ್ತದೆಯೇ ಎಂದು ಅವನನ್ನು ನೇರವಾಗಿಯೇ ಕೇಳಿದೆ. ‘ಕಾಕಾ, ಮನ್ಯಾಗ ಹೇಳಬ್ಯಾಡ ಅಂದಾಳ್ರಿ’ ಎಂದು ತಲೆ ತಗ್ಗಿಸಿದ. ಅಷ್ಟರಲ್ಲೇ ಎಲ್ಲ ಹೇಳಿದಂತಾಯಿತಲ್ಲ. ಆಮೇಲೆ ನಿಧಾನವಾಗಿ ಬಿಚ್ಚಿದ. ಕೆಲವು ಯಾನಗಳಲ್ಲಿ ಒಬ್ಬರೂ ತೆಗೆಸುವುದಿಲ್ಲ, ಕೆಲವುಗಳಲ್ಲಿ ಕಡೆಯ ದಿನ ಸಾಲೇ ಹಚ್ಚುತ್ತಾರೆ ಎಂದ. ಹಾಗೆ ತೆಗೆಸಿದವರು ಕೈಯಲ್ಲಿ ಕೊಟ್ಟರೆ ಅದನ್ನೂ ಎಲ್ಲರಿಗೆ ಹಂಚಲು ಆಫೀಸಿಗೆ ಒಪ್ಪಿಸಬೇಕಂತೆ. ‘ನಾ ತಳದಾಗ ತಾಟ ತೊಳ್ಯಾಂವರಿ. ಉಂಡಾವ್ರು ನನ್ನ ಮಾರಿ ನೋಡಂಗಿಲ್ಲ, ನನಗ ಯಾರ ಕೈಯಾಗ ಕೊಡ್ತಾರ? ತಾನ ಬಂದ್ರನ ನನ್ನ ಪಾಲು, ಇಲ್ಲಂದ್ರ ಇಲ್ಲ’ ಎಂದ. ಒಂಬತ್ತು ತಿಂಗಳ ಕರಾರನ್ನು ನೀನು ಹನ್ನೆರಡಕ್ಕೆ ತಳ್ಳಿದ್ದು ಯಾಕೆ ಎಂಬುದು ಆಗ ಅರ್ಥವಾಯಿತು. ಮನೆಗೆ ಕಳಿಸುವುದರಲ್ಲಿ ಒಂದು ರೂಪಾಯಿ ಕಡಿಮೆಯಾಗಬಾರದು ಎಂದಲ್ಲವೇ?

ಅವನು ಇನ್ನೂ ಒಂದು ಮಾತು ಹೇಳಿದ. ಪ್ರವಾಸಿಗರು ಇಳಿಯುವ ದಿನ ಬಾಗಿಲಲ್ಲಿ ನಕ್ಕೊಂತ ನಿಲ್ಲಿ, ಮಂದಿಗೆ ನಿಮ್ಮ ನೆನಪಾಗಲಿ ಎಂದು ಮೇಲಿನವರು ಹೇಳುತ್ತಾರಂತೆ. ಎಲ್ಲರೂ ನಿಲ್ಲುತ್ತಾರಂತೆ. ನೀನು ಮಾತ್ರ ಚಾದರದ ಕೋಣೆಗೆ ಹೋಗಿ ಮಡಚುತ್ತ ಕೂಡುತ್ತೀಯಂತೆ. ‘ಯಾಕ ಅಂತ ಕೇಳಿದ್ರ, ನಮ್ಮಪ್ಪನೂ ಬಾಗಲದಾಗ ನಿಂದ್ರಂಗಿಲ್ಲ ಅಂತಾಳ್ರಿ’ ಎಂದ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಲಾಡ್ಜಿನ ಮೆಟ್ಟಿಲ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದವಳು ಅಷ್ಟು ಸಣ್ಣ ವಯಸ್ಸಿನಲ್ಲೇ ಇದನ್ನು ನೋಡಿಟ್ಟುಕೊಂಡಿದ್ದೆಯಾ? ನಾನು ನಿನಗೆ ಚಾದರದ ಮೂಲೆ ಮಡಚಲು ಕಲಿಸಿದ್ದೆನಲ್ಲ, ಆಟಕ್ಕೆ, ಅದನ್ನು ಹೊಸದಾಗಿ ಬಂದ ಹುಡುಗಿಯರಿಗೆ ನೀನು ಕಲಿಸುತ್ತೀಯಂತೆ. ಅಲ್ಲಿ ಎಲ್ಲರೂ ಅದಕ್ಕೆ ‘ಬಿಜಾಪುರ’ ಎಂದೇ ಕರೆಯುತ್ತಾರಂತೆ. ನದೀಮ ನಗುತ್ತ ಹೇಳಿದ. ನಾನೂ ನಕ್ಕೆ. ಆಮೇಲೆ ಮುಖ ತೊಳೆಯುತ್ತೇನೆ ಎಂದು ಎದ್ದು ತೋಟದ ನಳದ ಕಡೆಗೆ ಹೋದೆ. ದಾವಲಬಿ ಹಿಂದಿನಿಂದ ಟಾವೆಲ್ಲು ತಂದುಕೊಟ್ಟು ಒಳಗೆ ಹೋದಳು.

ಪಾಲಿ, ನಾನು ಅಂದು ಆಡಿದ ಮಾತು ತಪ್ಪು. ನಿನ್ನದು ಭಿಕ್ಷೆಯಲ್ಲ. ತಲೆ ಹಿಡಿದುಕೊಂಡು ಕೂತವಳಿಗೆ, ಕಾಣದ ತಳದಲ್ಲಿ ತಾಟು ತೊಳೆದವನಿಗೆ ಬರಬೇಕಾದದ್ದು ಅದು. ತೆಗೆಸುವವರು ತೆಗೆಸಲಿ, ಅದರಿಂದ ನಿನ್ನ ದುಡಿಮೆ ಸಣ್ಣದಾಗುವುದಿಲ್ಲ. ಇದನ್ನು ನಾನು ಜನವರಿಯಲ್ಲೇ ಹೇಳಿದ್ದರೆ ಈ ಹನ್ನೊಂದು ತಿಂಗಳು ನಿನ್ನ ದನಿಯನ್ನು ಗೋಡೆಯ ಆಚೆಯಿಂದ ಕದ್ದು ಕೇಳಬೇಕಾಗುತ್ತಿರಲಿಲ್ಲ. ನೀನು ನಿಮ್ಮವ್ವನ ಜೊತೆ ನಗುವುದು ಕೇಳಿಸುತ್ತದೆ, ಯಾತಕ್ಕೆ ನಕ್ಕೆ ಎಂಬುದು ತಿಳಿಯುವುದಿಲ್ಲ. ಫೋನು ಇಟ್ಟ ಮೇಲೆ ಅವಳನ್ನು ಕೇಳುತ್ತೇನೆ. ಅವಳು ಹೇಳುವಷ್ಟರಲ್ಲಿ ಅದು ಆರಿರುತ್ತದೆ. ಎಷ್ಟೋ ಸಲ ಫೋನು ಮಾಡೋಣ ಎಂದು ಶಿವಾಜಿಯ ಕೈಯಿಂದ ಇಸಿದುಕೊಂಡು, ನಿನ್ನ ಫೋಟೋ ನೋಡಿ ತಿರುಗಿ ಕೊಟ್ಟಿದ್ದೇನೆ. ಫೋಟೋದಲ್ಲಿ ನಿನ್ನ ಕೆನ್ನೆ ಇಳಿದಿದೆ. ಹಡಗಿನಲ್ಲಿ ಬಿಸಿಲು ಬೀಳುವುದಿಲ್ಲವೇ? ಇಷ್ಟು ಬೆಳ್ಳಗಾಗಿದ್ದೀಯಲ್ಲ.

ಮುಂದೆ ಇನ್ನೊಂದು ಹಡಗು ಹತ್ತುತ್ತೀಯೋ, ಊರಲ್ಲೇ ನೌಕರಿ ಹುಡುಕುತ್ತೀಯೋ, ಅದು ನಿನ್ನ ಇಷ್ಟ. ನಾನು ಅಡ್ಡ ಬರುವುದಿಲ್ಲ, ಬೇಡವೆಂದೂ ಬೇಕೆಂದೂ ಅನ್ನುವುದಿಲ್ಲ. ನಿಮ್ಮವ್ವ ನದೀಮನ ಕೈಯಲ್ಲಿ ಕಳಿಸಲು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಟ್ಟಿದ್ದಾಳೆ. ಹಡಗಿನ ಒಳಗೆ ಬಿಡದಿದ್ದರೆ ಬಂದರಿನಲ್ಲೇ ಅವನೂ ನೀನೂ ಕೂತು ತಿನ್ನಿರಿ, ಕಸಕ್ಕೆ ಹಾಕಲು ಕೊಡಬೇಡಿ. ಶಿವಾಜಿ ನಿನಗೆ ನಮಸ್ಕಾರ ಹೇಳಿದ್ದಾನೆ, ಬರುವಾಗ ತಂಪು ಕನ್ನಡಕ ತರಬೇಕಂತೆ. ಜೊತೆಯ ಹುಡುಗಿಯರಿಗೆಲ್ಲ ನಮ್ಮ ಆಶೀರ್ವಾದ ತಿಳಿಸು. ಮಾರಿಸೆಲ್ ಎಂಬ ಹೆಸರಿನವಳು ಎಲ್ಲಿಯಾದರೂ ನಿನಗೆ ಸಿಕ್ಕರೆ, ವಿಜಯಪುರದಲ್ಲಿ ಒಬ್ಬರು ಅವಳ ಹೆಸರು ಬಾಯಿಪಾಠ ಮಾಡಿದ್ದಾರೆ ಎಂದು ಹೇಳು. ಮೈ ಕಡೆಗೆ ಲಕ್ಷ್ಯವಿರಲಿ. ನೀರು ತಟ್ಟದಿರಲಿ, ಗಾಳಿ ತಾಗದಿರಲಿ, ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಅಪ್ಪ,
ದಶರಥ

ತಾ.ಕ.: ನದೀಮ ಬಂದು ಹೊರಗೆ ಗಾಡಿಯ ಹಾರ್ನ್ ಹೊಡೆಯುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಡಿಸೆಂಬರ್ ಹದಿನಾಲ್ಕಕ್ಕೆ ನಿಮ್ಮ ಹಡಗು ಮುಂಬೈಗೆ ಬರುತ್ತದೆ, ಬೆಳಿಗ್ಗೆಯಿಂದ ಸಂಜೆಯವರೆಗೆ ನಿಲ್ಲುತ್ತದೆ ಎಂದು ಅವನೇ ಹೇಳಿದ. ನಾನು ರಜೆ ಹಾಕಿದ್ದೇನೆ. ಎರಡು ಟಿಕೆಟ್ ತೆಗೆಸಿದ್ದೇನೆ, ನಿಮ್ಮವ್ವನಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಇವತ್ತಿನಿಂದಲೇ ಚೀಲ ಕಟ್ಟುತ್ತಾಳೆ. ಬಂದರಿನ ಗೇಟಿನ ಹೊರಗೆ ಬೆಳಿಗ್ಗೆ ಏಳರಿಂದ ನಿಂತಿರುತ್ತೇವೆ. ನಿನಗೆ ಇಳಿಯಲು ಪರವಾನಗಿ ಸಿಗದಿದ್ದರೆ, ಕೆಲಸ ಬಿಟ್ಟು ಬರಲು ಆಗದಿದ್ದರೆ, ಅದಕ್ಕಾಗಿ ಯಾರ ಹತ್ತಿರವೂ ಮಾತು ಕೇಳಿಸಿಕೊಳ್ಳಬೇಡ. ಯಾವ ಕಡೆಯ ಕಿಟಕಿ ಒರೆಸುತ್ತಿರುತ್ತೀ ಎಂದು ಮೊದಲೇ ತಿಳಿಸು. ಆ ಕಡೆ ನೋಡುತ್ತ ಸಂಜೆಯವರೆಗೆ ನಿಲ್ಲುತ್ತೇವೆ.